ಒಂದೂ ತೂತಿಲ್ಲದ ಛಾವಣಿ

ತೊಲೆ ಮುರಿದು ಬೀಳಬಹುದಿತ್ತು. ಠೇಕೇದಾರ ಅರ್ಧ ಕೆಲಸ ಮಾಡಿ ಕಾಣೆಯಾಗಬಹುದಿತ್ತು. ತೋರಿಸಿದ ಸಿಮೆಂಟು ಒಂದು, ಕಲಸಿದ ಸಿಮೆಂಟು ಇನ್ನೊಂದು ಆಗಬಹುದಿತ್ತು. ಎಂಬತ್ತು ವರ್ಷದ ಗೋಡೆ ಹೊಸ ಭಾರ ತಾಳದೆ ಕುಸಿಯಬಹುದಿತ್ತು. ಹಂಚು ಇಳಿಸಿದ ಮರುದಿನವೇ ಅಕಾಲದ ಮಳೆ ಬಂದು ಟ್ರಂಕು, ಹಾಸಿಗೆ, ದೇವರು ಎಲ್ಲವೂ ತೋಯಬಹುದಿತ್ತು. ಜಂತಿಯ ಸಂದಿಯಲ್ಲಿದ್ದ ಚೇಳು ಕೆಲಸದವರ ಕೈ ಕಚ್ಚಬಹುದಿತ್ತು. ಯಾರಾದರೂ ಏಣಿಯಿಂದ ಬೀಳಬಹುದಿತ್ತು, ಆ ಯಾರಾದರೂ ನಾನೇ ಆಗಿರಬಹುದಿತ್ತು. ಪಕ್ಕದ ಮನೆಯವರು ನಡುಗೋಡೆ ತಮ್ಮದೆಂದು ಕೋರ್ಟಿಗೆ ಹೋಗಬಹುದಿತ್ತು. ಸ್ಲ್ಯಾಬ್ ಹಾಕುವ ದಿನ ಮಿಕ್ಸರ್ ಕೆಟ್ಟು ಕಾಂಕ್ರೀಟು ಅರ್ಧಕ್ಕೇ ಗಟ್ಟಿಯಾಗಬಹುದಿತ್ತು. ಮೇ ತಿಂಗಳ ನೀರಿನ ಬರದಲ್ಲಿ ಅದಕ್ಕೆ ನೀರುಣಿಸಲಾಗದೆ ಬಿರುಕು ಬಿಡಬಹುದಿತ್ತು. ಇಷ್ಟೆಲ್ಲ ಆಗದೆ ಉಳಿದರೂ ಮೊದಲ ಮಳೆಗೇ ಸೋರಬಹುದಿತ್ತು.

೧೯೯೭ರ ಬೇಸಿಗೆಯಲ್ಲಿ ನಾಗಪುರದ ಮಹಾಲ್ ಭಾಗದಲ್ಲಿದ್ದ ನಮ್ಮ ಹಳೆಯ ಮನೆಗೆ ಛಾವಣಿ ಬದಲಿಸುವ ಮುಂಚೆ ನಾನು ಇಂಥ ನಲವತ್ತೊಂದು ಅನಾಹುತಗಳನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅವುಗಳಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು ಪಟ್ಟಿಯಲ್ಲಿ ಇರಲಿಲ್ಲ. ಅದು ಬಹಳ ಚಿಕ್ಕದು. ಹೇಳಬೇಕೆಂದಿರುವುದು ಅದನ್ನೇ. ಆದರೆ ಮೊದಲಿನಿಂದ ಹೇಳದಿದ್ದರೆ ನಿಮಗೆ ಎಲ್ಲಿ ಅರ್ಥವಾಗುವುದಿಲ್ಲವೋ ಎಂಬ ಚಿಂತೆ ಈಗಲೇ ಶುರುವಾಗಿದೆ.

ನಾನು ಆಗ ಸಿವಿಲ್ ಲೈನ್ಸ್‌ನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದೆ. ಬೇರೆಯವರು ಬರೆದ ಕಡತಗಳಲ್ಲಿ ಎಲ್ಲೆಲ್ಲಿ ತಪ್ಪಾಗಬಹುದು ಎಂದು ಹುಡುಕಿ ಅಂಚಿನಲ್ಲಿ ಆಕ್ಷೇಪಣೆ ಬರೆಯುವುದು ನನ್ನ ಕೆಲಸ. ಚಿಂತೆ ಮಾಡಿದ್ದಕ್ಕೆ ಸರ್ಕಾರವೇ ಸಂಬಳ ಕೊಡುತ್ತಿತ್ತು ಎನ್ನಿ. ಮನೆಗೆ ಬಂದ ಮೇಲೆ ಅದನ್ನು ಬಿಟ್ಟಿಯಾಗಿ ಮುಂದುವರಿಸುತ್ತಿದ್ದೆ. ಸ್ಕೂಟರಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವ ಮನುಷ್ಯ ನಾನು.

ಮನೆ ಅಪ್ಪ ಮಾಡಿದ್ದು. ಅಪ್ಪ ಗದಗಿನ ಕಡೆಯಿಂದ ರೈಲ್ವೆ ನೌಕರಿಗೆಂದು ನಾಗಪುರಕ್ಕೆ ಬಂದವನು. ಮಹಾಲಿನ ಓಣಿಯೊಂದರಲ್ಲಿ ಹಳೆಯ ವಾಡೆಯ ಮೂಲೆಯ ಭಾಗವನ್ನು ಕೊಂಡಿದ್ದ. ಮುಂದೊಂದು ಕೋಣೆ, ನಡುವೆ ಒಂದು, ಹಿಂದೆ ಅಡುಗೆಮನೆ, ಅದರಾಚೆ ಹಿಂದಿನ ಓಣಿಗೆ ತೆರೆದ, ಚಾಪೆಯಷ್ಟು ಅಂಗಳ. ಮೇಲೆ ಕವೇಲು, ಅಂದರೆ ಈ ಕಡೆಯ ಮಣ್ಣಿನ ನಾಡಹಂಚು. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮದುವೆಯಾಗಿ ಬಂದ ಅವ್ವ ಮೊದಲ ದಿನ ಒಳಗೆ ಕಾಲಿಟ್ಟು, "ಇದೇನು ಅಡಗಿಮನಿನೋ, ಜ್ವಾಳಾ ಹಾಕೋ ಹಗೇವೋ" ಎಂದಳಂತೆ. ತಿಂಗಳಾದ ಮೇಲೆ ಒಂದು ದಿನ ಅಪ್ಪ ಡ್ಯೂಟಿ ಮುಗಿಸಿ ಬರುವಾಗ ಹಂಚಿನ ಆಕಾರದ ಒಂದು ದಪ್ಪ ಗಾಜನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ತಂದ. ಅಪ್ಪ ಅವ್ವನಿಗೆ ಸೀರೆ ತಂದದ್ದನ್ನು ನಾನು ಕಂಡಿಲ್ಲ. ಈ ಗಾಜು ತಂದ ಕಥೆಯನ್ನು ಅವ್ವನ ಬಾಯಿಂದ ನೂರು ಸಲ ಕೇಳಿದ್ದೇನೆ.

ಆ ಗಾಜನ್ನು ಹಂಚಿನ ನಡುವೆ ಕೂಡಿಸಿದವನು ಮಾರೋತಿ. ನಮ್ಮ ಓಣಿಯ ಕವೇಲು ಹೊರಳಿಸುವವನು. ನಾಡಹಂಚಿನ ಮನೆ ಎಂದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೇರಿ ಹಂಚುಗಳನ್ನು ಒಂದೊಂದಾಗಿ ತೆಗೆದು, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಜೋಡಿಸಲೇಬೇಕು. ಒಂದು ಮನೆಯ ಹಂಚನ್ನು ಒಬ್ಬ ಹೊರಳಿಸುತ್ತಿದ್ದರೆ ಇನ್ನೊಬ್ಬ ಅದನ್ನು ಮುಟ್ಟುತ್ತಿರಲಿಲ್ಲ. ನಮ್ಮದು ಮಾರೋತಿಯ ಮನೆ. ಅವನು ಅದನ್ನು ಹಾಗೆಯೇ ಕರೆಯುತ್ತಿದ್ದ, ಒಳಗೆ ಇರುವವರು ನಾವಷ್ಟೇ.

ಎಲ್ಲ ಹಂಚು ಜೋಡಿಸಿದ ಮೇಲೆ ಕೊನೆಗೆ ಗಾಜು. ಹುಣಸೆಹಣ್ಣು ಹಚ್ಚಿ ತೊಳೆದು, ಪೂರ್ವದ ಇಳಿಜಾರಿನಲ್ಲಿ ಅದರ ಜಾಗದಲ್ಲಿಟ್ಟು ಮೇಲಿನಿಂದ ಕೂಗುತ್ತಿದ್ದ: "ವೈನೀ, ಉಜೇಡ್ ಆಲಾ ಕಾ?" ಅತ್ತಿಗೇ, ಬೆಳಕು ಬಂತಾ ಎಂದು. ಅವ್ವ ಕೆಳಗಿನಿಂದ ಕನ್ನಡದಲ್ಲಿ, "ಬಂತಪಾ, ಬಂತು. ಎಡಕ್ಕ ಒಂಚೂರು ಸರಸು. ಅಷ್ಟ ಬ್ಯಾಡೋ, ಅರ್ಧಾ ಬಟ್ಟು" ಎನ್ನುತ್ತಿದ್ದಳು. ಸುಮಾರು ಐವತ್ತು ವರ್ಷ ಅವಳು ಮರಾಠಿ ಕಲಿಯಲಿಲ್ಲ, ಅವನು ಕನ್ನಡ ಕಲಿಯಲಿಲ್ಲ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿ ಮುಗಿಸುತ್ತಿದ್ದರು. ಗಾಜು ಮಾತ್ರ ಪ್ರತಿ ವರ್ಷ ಇರಬೇಕಾದಲ್ಲೇ ಬಂದು ಕೂರುತ್ತಿತ್ತು.

ಅರ್ಧ ಬೆರಳಿನ ಲೆಕ್ಕ ಯಾಕೆಂದರೆ, ಆ ಬೆಳಕು ಅವ್ವನ ಗಡಿಯಾರ. ಬೆಳಿಗ್ಗೆ ಅದು ಅಡುಗೆಮನೆಯ ಎದುರು ಗೋಡೆಯ ಮೇಲೆ ಅಂಗೈಯಷ್ಟು ಅಗಲಕ್ಕೆ ಬೀಳುತ್ತಿತ್ತು. ಹೊತ್ತು ಏರಿದಂತೆ ಕೆಳಗೆ ಇಳಿಯುತ್ತಿತ್ತು. ಅವ್ವ ಗೋಡೆಗೆ ಸುಣ್ಣದಲ್ಲಿ ಒಂದು ಓರೆ ಗೆರೆ ಎಳೆದಿದ್ದಳು. ಚಳಿಗಾಲದಲ್ಲಿ ಬೆಳಕು ಉಪ್ಪಿನ ಭರಣಿಯ ಕಡೆಗೆ ಸರಿದು ಇಳಿಯುತ್ತಿತ್ತು, ಬೇಸಿಗೆಯಲ್ಲಿ ಒರಳಿನ ಕಡೆಗೆ, ಅದಕ್ಕೇ ಓರೆ. ಬೆಳಕು ಗೆರೆ ಮುಟ್ಟಿತೆಂದರೆ ಒಂಬತ್ತೂವರೆ. ಅವ್ವ ಊಟದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಅಪ್ಪ ಚಪ್ಪಲಿ ಮೆಟ್ಟುತ್ತಿದ್ದ. ಅಪ್ಪ ಕಾಲವಾದ ಮೇಲೆ ಆ ಡಬ್ಬಿ ನನ್ನದಾಯಿತು. ಮನೆಗೆ ಗೋಡೆ ಗಡಿಯಾರ ಬಂತು, ನನ್ನ ಕೈಗೆ ವಾಚು ಬಂತು. ಅವ್ವ ಯಾವುದನ್ನೂ ನೋಡುತ್ತಿರಲಿಲ್ಲ. "ಅದಕ್ಕ ಕೀಲಿ ಕೊಡಬೇಕು, ಇದಕ್ಕ ಯಾರು ಕೊಡ್ತಾರ?" ಎನ್ನುತ್ತಿದ್ದಳು.

ನಾನು ಹೇಳುತ್ತಿರುವ ವರ್ಷಕ್ಕೆ ಅವ್ವನ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ ಎಂದು ಡಾಕ್ಟರು ಹೇಳಿದ್ದರು. ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೆ ಆ ಮನೆಯೊಳಗೆ ಅವಳನ್ನು ನೋಡಿದವರು ಯಾರೂ ನಂಬುತ್ತಿರಲಿಲ್ಲ. ದೇವರ ಗೂಡಿನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ಹೊಸ್ತಿಲಿಗೆ ಬಲಗಾಲು. ಎಡಗೈ ಚಾಚಿದರೆ ಉಪ್ಪು. ಒಂಬತ್ತೂವರೆಗೆ ಡಬ್ಬಿಯ ಮುಚ್ಚಳ ತಪ್ಪದೆ ಒತ್ತುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಅಷ್ಟು ವರ್ಷದ ರೂಢಿ ಅಂದುಕೊಂಡಿದ್ದೆ.

ಹಿಂದಿನ ವರ್ಷ ಹಂಚು ಹೊರಳಿಸಲು ಬಂದಾಗ ಮಾರೋತಿ ಬೇಗ ಕೆಳಗಿಳಿದಿದ್ದ. ಈ ವರ್ಷ ಮಾರ್ಚಿನಲ್ಲೇ ತಾನಾಗಿ ಬಂದ. ಆಗ ಅವನಿಗೂ ಎಪ್ಪತ್ತರ ಹತ್ತಿರ. ಏಣಿ ಹತ್ತಿ, ತೊಲೆಯ ಮೇಲೆ ಎರಡು ಹೆಜ್ಜೆ ಇಟ್ಟು, ಬೆರಳಿನಿಂದ ಜಂತಿಯನ್ನು ಚುಚ್ಚಿದ. ಕಟ್ಟಿಗೆ ಗೋಡಂಬಿ ಬರ್ಫಿಯ ಹಾಗೆ ಉದುರಿತು. ಕೆಳಗಿಳಿದು ತಲೆಗೆ ಸುತ್ತಿದ ಪಂಚೆ ಬಿಚ್ಚಿ ಮುಖ ಒರೆಸಿಕೊಂಡ. ಅವನು ಹೇಳಿದ್ದನ್ನು, ಅಣ್ಣ ಎಂಬರ್ಥದ ‘ಭಾವು’ ಹಾಗೇ ಇಟ್ಟು, ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

"ಬಸೂ ಭಾವು, ಹಂಚು ಒಡದ್ರ ಹಂಚು ಬದಲಸಬೇಕು. ರೀಪು ಹುಳಾ ತಿಂದ್ರ ರೀಪು ಬದಲಸಬೇಕು. ನಡುವಿನ ತೊಲಿ ಬಾಗಿತಂದ್ರ ನನ್ನ ಕರೀಬಾರದು, ಠೇಕೇದಾರನ್ನ ಕರೀಬೇಕು."

"ಬಾಗಿ ಎಲ್ಲಿದೆ? ನೆಟ್ಟಗೇ ಕಾಣುತ್ತದಲ್ಲ," ಎಂದೆ.

"ನಿಮಗ ಕೆಳಗಿಂದ ಕಾಣ್ತದ. ನನಗ ಕಾಲಿಗೆ ತಿಳೀತದ. ಹ್ವಾದ ವರ್ಷನ ಹೇಳಬೇಕಂದಿದ್ದೆ, ಬಾಯಿ ಬರಲಿಲ್ಲ. ಕೆಳಗ ವೈನಿ ಕೂತಿರ್ತಾರ."

ಪ್ರತಿ ವರ್ಷದ ತನ್ನ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ಅವನು ಅದನ್ನು ಹೇಳಿದ. ಆಗ ನನಗೆ ಅದು ಹೊಳೆಯಲಿಲ್ಲ. ನಾನಾಗಲೇ ಪಟ್ಟಿಯ ಮೂರನೆಯ ಅಂಶದಲ್ಲಿದ್ದೆ.

ಗೆಳೆಯರು ಮನೆ ಮಾರಿ ಫ್ಲ್ಯಾಟು ತಗೊಳ್ಳಲು ಹೇಳಿದರು. ನನ್ನ ಹೆಂಡತಿ ಸುಮಿತ್ರಾ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದಳು. "ಹೊಸಾ ಮನಿಯೊಳಗ ಅತ್ತಿ ಕುರುಡರಾಗ್ತಾರ್ರೀ. ಇಲ್ಲಿ ಅವರಿಗೆ ಕಣ್ಣ ಐತಿ." ಹಾಗಾಗಿ ಗೋಡೆಗಳನ್ನು ಮುಟ್ಟದೆ ಛಾವಣಿಯೊಂದನ್ನೇ ಬದಲಿಸುವುದೆಂದು ತೀರ್ಮಾನವಾಯಿತು. ಆಗ ಗದಗಿನಲ್ಲಿ ತಂಗಿಯ ಮಗಳ ಬಾಣಂತನವಿತ್ತು. ಅವ್ವನಿಗೆ ಮರಿಮೊಮ್ಮಗುವನ್ನು ಎತ್ತಿಕೊಳ್ಳುವ ಆಸೆ. ಏಪ್ರಿಲ್‌ನಲ್ಲಿ ಕಳಿಸಿಕೊಟ್ಟೆವು. ಹೊರಡುವ ದಿನ ಅವ್ವ ಎಲ್ಲ ಗೋಡೆಗಳಿಗೂ ಕೈ ಆಡಿಸಿಕೊಂಡು ಬಂದು ನನ್ನ ಭುಜ ಹಿಡಿದಳು.

"ಬಸು, ಹಂಚರ ಹಾಕು, ಸ್ಲ್ಯಾಬರ ಹಾಕು, ನಿನ್ನ ಖುಷಿ. ಬಂದ ಮ್ಯಾಲ ಈ ಮನಿಯೊಳಗ ನಾ ಯಾರ ಕೈನೂ ಹಿಡಿಯೂ ಹಂಗ ಆಗಬಾರದು. ಅಷ್ಟ ನೋಡು."

"ಏನೂ ಬದಲಾಗೂದಿಲ್ಲವ್ವ," ಎಂದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ಬರೆದೆ. ಹೊಸ್ತಿಲು ಏರಿಸಬಾರದು. ಗೂಡು ಮುಚ್ಚಬಾರದು. ಅಡುಗೆಮನೆಯ ಹಲಗೆ ಒಂದು ಬೆರಳೂ ಸರಿಯಬಾರದು. ಹನ್ನೊಂದು ಹೆಜ್ಜೆ ಹನ್ನೊಂದೇ ಇರಬೇಕು.

ಠೇಕೇದಾರನನ್ನು ಹುಡುಕುವ ಕೆಲಸ ಶುರುವಾಯಿತು. ಮೊದಲು ಬಂದವನು ಒಳಗೂ ಬಾರದೆ, ತಗಡು ಹಾಕಿ ಎಂದ. ನಾಗಪುರದ ಮೇ ತಿಂಗಳಲ್ಲಿ ತಗಡಿನ ಕೆಳಗೆ ಕೂತವರು ಒಲೆ ಹೊತ್ತಿಸಬೇಕಾಗಿಲ್ಲ. ಎರಡನೆಯವನು ಇನ್ನೂ ಎರಡು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಡಿ ಎಂದು ಅಲ್ಲೇ ನೆಲದ ಮೇಲೆ ನಕ್ಷೆ ಗೀಚಿದ. ಮೂರನೆಯವನು ಭೋಯರ್. ಬೆಲ್ಲದಂಥ ಬಣ್ಣದ ದಪ್ಪ ಮನುಷ್ಯ. ಬಂದವನೇ ಮಾತಾಡದೆ ಗೋಡೆಗಳನ್ನು ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾ ಹೋದ. ಪೊಳ್ಳು ಸದ್ದು ಬಂದಲ್ಲಿ ನಿಂತು ಮತ್ತೆ ಬಡಿದ. ಹಳೆಯ ಗೋಡೆಯ ಮೇಲೆ ನೇರವಾಗಿ ಭಾರ ಹಾಕುವುದು ಬೇಡ, ಮೂಲೆಗಳಲ್ಲಿ ಕಂಬ ಎಬ್ಬಿಸಿ ಅದರ ಮೇಲೆ ಸ್ಲ್ಯಾಬ್ ಹಾಕೋಣ ಎಂದ. ಮನುಷ್ಯ ತಿಳಿದವನು ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಅನುಮಾನವೂ ಬಂತು.

ಅವನು ಸ್ಲ್ಯಾಬ್ ಹಾಕಿದ ಮೂರು ಮನೆಗಳ ವಿಳಾಸ ಪಡೆದು ಒಂದು ಭಾನುವಾರ ಸ್ಕೂಟರ್ ಹತ್ತಿದೆ. ಮೊದಲನೆಯ ಮನೆಯ ಹೆಂಗಸು ನನ್ನ ಕೈಯಲ್ಲಿ ನೋಟ್‌ಬುಕ್ಕು ಕಂಡು ಕಾರ್ಪೊರೇಶನ್ನಿನವನೆಂದು ತಿಳಿದು, ಯಜಮಾನರು ಊರಲ್ಲಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಯಜಮಾನರು ಒಳಗೆ ಕೆಮ್ಮುತ್ತಿದ್ದರು. ಎರಡನೆಯ ಮನೆಯಲ್ಲಿ ಚಹಾ ಕೊಟ್ಟರು, ಆಮೇಲೆ ಅವಲಕ್ಕಿಯ ಪೋಹೆ ಕೊಟ್ಟರು, ಆಮೇಲೆ ಸೀರೆಯುಟ್ಟ ಮಗಳೊಬ್ಬಳು ನೀರು ತಂದಿಟ್ಟಳು. ಛಾವಣಿಯ ಮೂಲೆಗಳನ್ನೇ ನೋಡುತ್ತಾ ಕೂತಿದ್ದ ನನಗೆ, ಇವರು ನನ್ನನ್ನು ಗಂಡಿನ ಕಡೆಯ ಹಿರಿಯ ಅಂದುಕೊಂಡಿದ್ದಾರೆ ಎಂದು ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಸೋರುತ್ತದೆಯೇ ಎಂದು ಕೇಳಬೇಕಾದ್ದನ್ನು ಕೇಳದೆಯೇ ಎದ್ದು ಬಂದೆ. ಮೂರನೆಯ ಮನೆಯ ಮುದುಕ ಮಾತ್ರ, "ನಾಲ್ಕು ಮಳೆಗಾಲ ಆಯ್ತು, ಹನಿ ಇಲ್ಲ" ಎಂದು ತನ್ನ ಬೋಳು ತಲೆ ಮುಟ್ಟಿ ತೋರಿಸಿದ. ಭೋಯರ್‌ನೇ ಖಾಯಂ ಆದ.

ಅವನೆದುರು ನೋಟ್‌ಬುಕ್ಕು ತೆರೆದು ಒಂದೊಂದೇ ಅಂಶವನ್ನು ಹಿಂದಿಯಲ್ಲಿ ಓದಿ ಹೇಳಿದೆ. ಇಪ್ಪತ್ತರವರೆಗೆ ತಲೆಯಾಡಿಸಿದ. ಆಮೇಲೆ ಪುಟ ತಿರುಗಿಸಿ ಕನ್ನಡ ಅಕ್ಷರಗಳನ್ನು ನೋಡಿ, "ಸಾಬ್, ಯೇ ಸಬ್ ಗೋಲ್ ಗೋಲ್ ಕ್ಯಾ ಹೈ? ಜಿಲೇಬಿ ಕೀ ದುಕಾನ್?" ಎಂದ, ಈ ದುಂಡು ದುಂಡಗಿನದೆಲ್ಲ ಏನು, ಜಿಲೇಬಿ ಅಂಗಡಿಯೇ ಎಂದು. ಸುಮಿತ್ರಾ ಒಳಗಿನಿಂದ, "ನಿಮ್ಮ ಪಟ್ಟಿ ಭಾರಕ್ಕ ಮನಿ ಬೀಳ್ತೈತಿ, ಸಾಕ್ರಿ" ಎಂದಳು.

ಹಂಚು ಇಳಿಸಲು ಭೋಯರ್ ತನ್ನ ಆಳುಗಳನ್ನು ಕರೆತಂದಿದ್ದ. ಆದರೆ ಬೆಳಿಗ್ಗೆ ಏಳಕ್ಕೇ ಮಾರೋತಿ ಏಣಿಯೊಂದಿಗೆ ನಿಂತಿದ್ದ. ಯಾರೂ ಕರೆದಿರಲಿಲ್ಲ. ತಾನು ಇಟ್ಟದ್ದನ್ನು ತಾನೇ ಇಳಿಸಬೇಕು, ಅದು ಅವರ ರೀತಿ ಎಂದ. ಆಳುಗಳು ಬುಟ್ಟಿ ಹಿಡಿದು ಕೆಳಗೆ ನಿಂತರು. ಅವನೊಬ್ಬನೇ ಮೇಲೆ ಕೂತು ದಿನವಿಡೀ ಒಂದೊಂದೇ ಹಂಚು ಕೊಟ್ಟ. ಪ್ರತಿ ವರ್ಷ ಕೊನೆಗೆ ಕೂಡಿಸುತ್ತಿದ್ದ ಗಾಜನ್ನು ಈ ಸಲ ತೆಗೆಯುವಾಗಲೂ ಕೊನೆಗೇ ತೆಗೆದ. ಅದನ್ನು ಯಾರ ಕೈಗೂ ಕೊಡಲಿಲ್ಲ. ತಲೆಯ ಪಂಚೆಯಲ್ಲಿ ಸುತ್ತಿ ತಾನೇ ಇಳಿಸಿದ.

"ಭಾವು, ಇದನ್ನ ಎಲ್ಲಿ ಕೂಡಸೂದು?" ಎಂದು ಕೇಳಿದ.

ನಾನು ಸಿಮೆಂಟಿನ ಚೀಲಗಳ ಮೇಲೆ ಅಚ್ಚಾದ ತಯಾರಿಕೆಯ ವಾರವನ್ನು ಕನ್ನಡಕ ಸರಿಸಿ ಸರಿಸಿ ಓದುತ್ತಿದ್ದೆ. "ಆಮೇಲೆ ನೋಡೋಣ," ಎಂದೆ.

ಹತ್ತು ದಿನಗಳಲ್ಲಿ ಕಂಬ ಎದ್ದವು, ಕೆಳಗೆ ಹಲಗೆ ಹೊಡೆದು ಮೇಲೆ ಸರಳು ಕಟ್ಟಿದರು. ಸ್ಲ್ಯಾಬ್ ಹಾಕುವ ಹಿಂದಿನ ದಿನ ಮಧ್ಯಾಹ್ನ ಭೋಯರ್ ಕೊನೆಯ ಸಲ ಕೇಳಿದ. "ಸಾಬ್, ಕಹೀಂ ಹೋಲ್ ಛೋಡ್ನಾ ಹೈ ಕ್ಯಾ? ಅಭೀ ಬತಾವ್. ಬಾದ್ ಮೇಂ ಮೇರೇ ಬಾಪ್ ಸೇ ಬೀ ನಹೀ ಹೋತಾ." ಎಲ್ಲಾದರೂ ತೂತು ಬಿಡುವುದಿದ್ದರೆ ಈಗಲೇ ಬಿಡಬೇಕು, ಆಮೇಲೆ ತನ್ನ ಅಪ್ಪನಿಂದಲೂ ಆಗದು ಎಂದು. ಗಟ್ಟಿಯಾದ ಮೇಲೆ ಒಡೆದರೆ ಸರಳು ಕತ್ತರಿಸಬೇಕಾಗುತ್ತದೆ, ಆಮೇಲೆ ಅಲ್ಲಿಂದ ನೀರು ಇಳಿಯುವುದು ಖಂಡಿತ.

ಮಾರೋತಿ ಆಗ ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ. ಕಂಕುಳಲ್ಲಿ ಪಂಚೆಯ ಗಂಟು. ಯಾಕೆ ಬಂದಿದ್ದಾನೆ ಎಂದು ನನಗೆ ಅನ್ನಿಸಿತ್ತು, ಕೇಳಲಿಲ್ಲ. ನನ್ನ ಪಟ್ಟಿಯ ಹದಿನೇಳನೆಯ ಅಂಶದಲ್ಲಿ ದಪ್ಪ ಅಕ್ಷರಗಳಲ್ಲಿ, ಛಾವಣಿಯಲ್ಲಿ ಎಲ್ಲಿಯೂ ತೂತು ಇರಕೂಡದು ಎಂದು ಬರೆದಿತ್ತು. ಅದನ್ನು ಬೆರಳಿನಿಂದ ತೋರಿಸಿ ಭೋಯರ್‌ಗೆ ಹೇಳಿದೆ: "ಏಕ್ ಬೀ ನಹೀ. ಸುಯೀ ಕೇ ಜಿತ್ನಾ ಬೀ ನಹೀ." ಒಂದೂ ಬೇಡ, ಸೂಜಿಯಷ್ಟೂ ಬೇಡ ಎಂದು.

ಮಾರೋತಿ ಎದ್ದು ಹತ್ತಿರ ಬಂದ. "ವೈನೀನ್ನ ಕೇಳಿದೀರೇನು?" ಎಂದ.

ನನಗೆ ಸ್ವಲ್ಪ ಸಿಟ್ಟೇ ಬಂತು. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. "ಅವ್ವನ ಸಲುವಾಗಿಯೇ ಇದನ್ನೆಲ್ಲ ಮಾಡುತ್ತಿರುವುದು ಮಾರೋತಿ, ಇದರಲ್ಲಿ ಅವಳನ್ನು ಕೇಳುವುದೇನಿದೆ," ಎಂದೆ.

ಅವನು ತಲೆಯಾಡಿಸಿದ. ಗಂಟನ್ನು ಮುಂದಿನ ಕೋಣೆಯ ಗೂಡಿನಲ್ಲಿ ಇಟ್ಟು, ಏಣಿ ಹೆಗಲಿಗೇರಿಸಿಕೊಂಡು ಹೋದ. ಅವನು ಆ ಏಣಿಯನ್ನು ನಮ್ಮ ಮನೆಗೆ ತಂದದ್ದು ಅದೇ ಕೊನೆ.

ಸ್ಲ್ಯಾಬ್ ಹಾಕುವ ದಿನ ಮಿಕ್ಸರ್ ಬೆಳಿಗ್ಗೆಯಿಂದ ಸಂಜೆಯವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಓಣಿಯ ಉದ್ದಕ್ಕೂ ನಿಂತ ಹೆಂಗಸರ ಸಾಲು ಬುಟ್ಟಿ ದಾಟಿಸುತ್ತಾ, ಏಣಿಯ ಕೆಳಗೆ ಬೆವರುತ್ತಾ ನಿಂತಿದ್ದ ನನ್ನನ್ನು ನೋಡಿ ನಗುತ್ತಿತ್ತು. ಒಬ್ಬಾಕೆ, "ಸಾಹೇಬರಿಗೆ ಒಂದು ಕುರ್ಚಿ ಕೊಡ್ರೋ, ಸ್ಲ್ಯಾಬಿಗಿಂತ ಮೊದಲು ಇವರು ಬೀಳ್ತಾರ" ಎಂದು ಮರಾಠಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಸಂಜೆ ಸುಮಿತ್ರಾ ಎಲ್ಲರಿಗೂ ಶಿರಾ ಮಾಡಿ ಹಾಕಿದಳು. ಆಮೇಲೆ ಇಪ್ಪತ್ತೊಂದು ದಿನ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆವು. ನಲ್ಲಿಯ ನೀರು ಬಂದ ಒಂದು ಗಂಟೆಯಲ್ಲಿ ಮೊದಲು ಅದಕ್ಕೆ, ಆಮೇಲೆ ನಮಗೆ. ನಾನು ಆಫೀಸಿಗೆ ಹೋಗುವ ಮುಂಚೆ ಏರಿ ಒಂದು ಬೆರಳು ಅದ್ದಿ ಆಳ ನೋಡುತ್ತಿದ್ದೆ, ಬಂದ ಮೇಲೆ ಇನ್ನೊಮ್ಮೆ ನೋಡುತ್ತಿದ್ದೆ. ಮಗು ಮಲಗಿದೆಯೇ ಎಂದು ನೋಡುವವರ ಹಾಗೆ.

ಮಳೆಗಾಲ ಬಂತು. ಆ ವರ್ಷ ಮೊದಲ ಮಳೆಗೆ ನಾನು ಪ್ರತಿ ಕೋಣೆಯ ನೆಲದಲ್ಲಿ ಹಳೆಯ ದಿನಪತ್ರಿಕೆ ಹಾಸಿ, ಅದರ ಮೇಲೆ ಹನಿ ಬಿದ್ದ ಗುರುತು ಇದೆಯೇ ಎಂದು ಮೊಣಕಾಲೂರಿ ನೋಡಿದೆ. ಇರಲಿಲ್ಲ. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಪತ್ರಿಕೆಗಳು ಒಣಗಿದ್ದವು. ಜೀವನದಲ್ಲಿ ಮೊದಲ ಸಲ ನನಗೆ ಚಿಂತೆ ಮಾಡಲು ಏನೂ ಉಳಿದಿರಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ ಎಂದು ಆಗಲೇ ತಿಳಿಯಬೇಕಿತ್ತು.

ಅವ್ವ ಸೆಪ್ಟೆಂಬರಿನ ಕೊನೆಯಲ್ಲಿ ಬಂದಳು. ಮಳೆಯ ಕೊನೆಯ ಸುತ್ತು ನಡೆದಿತ್ತು, ವಾರವಿಡೀ ಮೋಡ. ಬಾಗಿಲಲ್ಲಿ ನನ್ನ ಕೈ ಬಿಡಿಸಿಕೊಂಡು ಒಬ್ಬಳೇ ಒಳಗೆ ಹೋದಳು. ಹೊಸ್ತಿಲಿಗೆ ಬಲಗಾಲು. ದೇವರ ಗೂಡು ಮುಟ್ಟಿದಳು, ಕೈ ಮುಗಿದಳು. ಅಲ್ಲಿಂದ ಅಡುಗೆಮನೆಗೆ ನಡೆದಳು. ನಾನು ಹಿಂದೆ ನಿಂತು ಮನಸ್ಸಿನಲ್ಲೇ ಎಣಿಸಿದೆ. ಹನ್ನೊಂದು. ಎಡಗೈ ಚಾಚಿದಳು, ಉಪ್ಪಿನ ಭರಣಿ ಸಿಕ್ಕಿತು. ಅದರ ಮುಚ್ಚಳ ತಟ್ಟಿ ಅವ್ವ ನಕ್ಕಳು. "ಎಲ್ಲಾ ಇದ್ದಲ್ಲೇ ಐತೆಲೋ. ನಾ ಅಂದಿದ್ದೆ, ಇಂವಾ ಚಿಂತಿ ಮಾಡಿ ಮಾಡಿನ ಮನಿ ಹಾಳ ಮಾಡ್ತಾನಂತ." ನನ್ನ ನಲವತ್ತೆಂಟು ವರ್ಷಗಳಲ್ಲಿ ಅಷ್ಟು ಹೆಮ್ಮೆಯಾದದ್ದು ನೆನಪಿಲ್ಲ.

ಅವ್ವ ಹೋಗಿ ಈಗ ಬಹಳ ವರ್ಷಗಳಾದವು. ಮಾರೋತಿಯೂ ಇಲ್ಲ. ನಮ್ಮ ಓಣಿಯಲ್ಲಿ ಈಗ ಹೊರಳಿಸಲು ಒಂದೂ ಕವೇಲಿನ ಮನೆ ಉಳಿದಿಲ್ಲ. ಅಕ್ಕಪಕ್ಕದವರು ಛಾವಣಿ ಬದಲಿಸುವಾಗ ನನ್ನನ್ನು ಕೇಳಲು ಬರುತ್ತಾರೆ. ತೊಲೆ ಬಾಗಿದೆಯೇ ಎಂದು ಏರಿ ನಡೆಯುವವನ ಕಾಲನ್ನು ಕೇಳಿ, ಮಾತಾಡುವವನಿಗಿಂತ ಗೋಡೆ ಬಡಿದು ನೋಡುವವನಿಗೆ ಕೆಲಸ ಕೊಡಿ, ಅವನು ಮಾಡಿದ ಮನೆ ನೋಡಲು ಹೋಗುವಾಗ ನೋಟ್‌ಬುಕ್ಕು ಒಯ್ಯಬೇಡಿ ಎಂದೆಲ್ಲ ಹೇಳುತ್ತೇನೆ. ಭೋಯರ್ ಹಾಕಿದ ಸ್ಲ್ಯಾಬ್ ಇಂದಿಗೂ ಒಂದು ಹನಿ ಸೋರಿಲ್ಲ ಎಂದೂ ಹೇಳುತ್ತೇನೆ. ಕೆಳಗೆ ಯಾರು ಕೂರುತ್ತಾರೋ ಅವರನ್ನು ಮೊದಲು ಕೇಳಿ ಎಂದು ಹೇಳಬೇಕೆನಿಸುತ್ತದೆ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೇ ಹೇಳುವುದಿಲ್ಲ.

ಆ ವರ್ಷ ಅವ್ವ ಗದಗಿನಿಂದ ಬಂದ ಎಂಟನೆಯ ದಿನ ಮೋಡ ಹರಿಯಿತು. ಬೆಳಿಗ್ಗೆಯೇ ಕಣ್ಣು ಕುಕ್ಕುವ ಬಿಸಿಲು. ಅಂಗಳದ ತಂತಿಯ ಮೇಲೆ ಸುಮಿತ್ರಾ ಹಾಕಿದ ಬಟ್ಟೆಗಳಿಂದ ಹಬೆ ಏಳುತ್ತಿತ್ತು. ನಾನು ಅಲ್ಲಿ ನಿಂತು ಸ್ಕೂಟರಿನ ಸೀಟು ಒರೆಸುತ್ತಿದ್ದೆ. ಅಡುಗೆಮನೆಯಲ್ಲಿ ಅವ್ವ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ನನ್ನ ಊಟದ ಡಬ್ಬಿ, ಅವಳ ಬಲಗೈ ಮುಚ್ಚಳದ ಮೇಲೆ. ಮುಖ ಮಾತ್ರ ಗೋಡೆಯ ಕಡೆಗಿತ್ತು. ಆ ಮುಖವನ್ನು ಸ್ವಲ್ಪ ಮೇಲೆತ್ತಿದಳು, ಸ್ವಲ್ಪ ಇಳಿಸಿದಳು, ಒರಳಿನ ಕಡೆ ಹೊರಳಿಸಿದಳು, ಉಪ್ಪಿನ ಭರಣಿಯ ಕಡೆ ಹೊರಳಿಸಿದಳು. ಕತ್ತಲಲ್ಲಿ ಪರಿಚಯದವರ ದನಿಗಾಗಿ ಕಿವಿಗೊಟ್ಟವರ ಹಾಗೆ. ಕಣ್ಣು ಹೋದ ಮೇಲೂ ಎರಡು ವರ್ಷ ಆ ಮುಚ್ಚಳ ಒಂಬತ್ತೂವರೆಗೆ ಸರಿಯಾಗಿ ಹೇಗೆ ಬೀಳುತ್ತಿತ್ತು ಎಂಬುದು, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದ ನನಗೆ, ಆಗ ತಿಳಿಯಿತು. ಅಪ್ಪ ತಂದ ಗಾಜು ಮುಂದಿನ ಕೋಣೆಯ ಗೂಡಿನಲ್ಲಿ ಮಾರೋತಿಯ ಪಂಚೆಯಲ್ಲೇ ಇತ್ತು. ಮೇಲೆ ಐದು ಅಂಗುಲದ ಕಾಂಕ್ರೀಟು.

"ಬಸು," ಅವ್ವ ಕರೆದಳು. "ಹೊರಗ ಇನ್ನೂ ಮೋಡ ಐತೇನು?"

ಬಿಸಿಲು ನನ್ನ ಬೆನ್ನು ಸುಡುತ್ತಿತ್ತು. ವಾಚಿನಲ್ಲಿ ಹತ್ತಕ್ಕೆ ಹದಿನೈದು ನಿಮಿಷ ಬಾಕಿ.

"ಐತವ್ವ," ಎಂದೆ.

ಮರುದಿನವೂ ಕೇಳಿದಳು. ಮರುದಿನವೂ ಅದನ್ನೇ ಹೇಳಿದೆ. ಮೂರನೆಯ ದಿನ ಅವ್ವ ಕೇಳಲಿಲ್ಲ. ಅಂಗಳದ ಬಾಗಿಲಿಗೆ ಬಂದು ಕೈ ಹೊರಗೆ ಚಾಚಿ, ಬಿಸಿಲನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಒಳಗೆ ಹೋದಳು. ಡಬ್ಬಿಯನ್ನು ಸುಮಿತ್ರಾಳ ಕಡೆ ಸರಿಸಿ, "ಹೊತ್ತಾದ ಮ್ಯಾಲ ನೀನ ಮುಚ್ಚವಾ" ಎಂದಳು. ನನಗೆ ಒಂದು ಮಾತೂ ಅನ್ನಲಿಲ್ಲ, ಆವತ್ತೂ, ಆಮೇಲೂ.

ಈಗಲೂ ಒಂಬತ್ತೂವರೆ ಆಗುವ ಹೊತ್ತಿಗೆ ನಾನು ಏನಾದರೂ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿ ಆ ಗೋಡೆಯನ್ನು ನೋಡುತ್ತೇನೆ. ಒಣಗಿದ, ತಣ್ಣನೆಯ, ಒಳ್ಳೆಯ ಗೋಡೆ. ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕೂ ಇಲ್ಲ.